ಗೃಹವಾರ್ತೆ: ಕುಸ್ತಿಯ ದಿನದ ಬಂಡಿಯೂಟ

ಕಳೆದ ತಿಂಗಳು ಈ ಪುಟದಲ್ಲಿ ಚಳಿಗಾಲದ ಹಾಸಿಗೆ ಹೊದಿಕೆಗಳನ್ನು ಕಾಪಾಡುವ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆವು. ಈಗ ಮಾಘಮಾಸವು ಸಮೀಪಿಸಿತು. ಬೀದರ ಸೀಮೆಯವರಿಗೆ ಮಾಘವೆಂದರೆ ಜಾತ್ರೆ; ಜಾತ್ರೆಯೆಂದರೆ ಕುಸ್ತಿ; ಕುಸ್ತಿಯೆಂದರೆ ನಸುಕಿನಲ್ಲಿಯೇ ಬಂಡಿಗೋ ಟ್ರ್ಯಾಕ್ಟರಿಗೋ ಬುತ್ತಿಯನ್ನೇರಿಸಿಕೊಂಡು ಮನೆಮಂದಿಯೆಲ್ಲ ಹೊರಡುವುದು. ಔರಾದದ ಅಮರೇಶ್ವರನ ಜಾತ್ರೆಯು ಶಿವರಾತ್ರಿಯ ಸುಮಾರಿಗೆ ನೆರೆಯುವುದಷ್ಟೆ. ಅಲ್ಲಿ ದನಗಳ ಪ್ರದರ್ಶನವೂ ಉಂಟು, ಜಂಗಿ ಕುಸ್ತಿಯೂ ಉಂಟು. ಕುಸ್ತಿಯ ಕಣದಲ್ಲಿ ಯಾರು ಯಾರನ್ನು ಚಿತ್ತು ಮಾಡಿದರೆಂಬುದನ್ನು ಬರೆಯುವವರು ಬೇರೆ ಇದ್ದಾರೆ. ನಮ್ಮ ಲಕ್ಷ್ಯವಿರುವುದು ಕಣದ ಹೊರಗೆ ಸಾಲಾಗಿ ನಿಂತ ಬಂಡಿಗಳ ಹಿಂಬದಿಯ ಮೇಲೆ. ಏಕೆಂದರೆ ಅಲ್ಲಿ ನಡೆಯುವ ಊಟವನ್ನು ಗೃಹಸ್ಥರು ಎಷ್ಟು ಹಗುರವಾಗಿ ಭಾವಿಸುವರೋ ಅದು ಅಷ್ಟು ಹಗುರವಾದ ಕೆಲಸವಲ್ಲ. ಕೆಟ್ಟ ಅನ್ನದ ಒಂದು ತುತ್ತು ಹತ್ತು ಮಕ್ಕಳನ್ನು ಆಸ್ಪತ್ರೆಗೆ ಕಳಿಸಬಲ್ಲುದು. ಕೆಟ್ಟ ಮಾತಿನ ಒಂದು ಸೊಲ್ಲು ಹತ್ತು ವರುಷದ ನೆಂಟಸ್ತಿಕೆಯನ್ನು ಕಡಿಯಬಲ್ಲುದು.

ಪಂದ್ಯದ ದಿನ ವಾಹನದ ಬಾಲದಲ್ಲಿ ಊಟಮಾಡುವ ಪದ್ಧತಿಯು ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಅಮೆರಿಕೆಯ ಜನರು ತಮ್ಮ ಬಗೆಯ ಫುಟ್‌ಬಾಲ್ ಪಂದ್ಯಕ್ಕೆ ಹೋಗುವಾಗ ಮೋಟಾರಿನ ಹಿಂಬದಿಯ ಹಲಗೆಯನ್ನು ಕೆಳಗಿಳಿಸಿ ಅದನ್ನೇ ಮೇಜನ್ನಾಗಿ ಮಾಡಿಕೊಂಡು, ಬಯಲಲ್ಲೇ ಒಲೆ ಹೂಡಿ, ಅಕ್ಕಪಕ್ಕದ ಬಂಡಿಯವರೊಡನೆ ಹಂಚಿಕೊಂಡು ಉಣ್ಣುತ್ತಾರೆ. ಅದನ್ನು ಅವರು ಟೈಲ್‌ಗೇಟ್ ಕೂಟವೆಂದು ಕರೆಯುವರು. ಅಲ್ಲಿಯ ಮೊದಲನೆಯ ಕಾಲೇಜು ಫುಟ್‌ಬಾಲ್ ಪಂದ್ಯವು ೧೮೬೯ರ ನವೆಂಬರ್ ೬ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾಲಯಗಳ ನಡುವೆ ಆಯಿತು. ಅದಕ್ಕೂ ಮೊದಲು, ೧೮೬೧ರ ಜುಲೈ ೨೧ರಂದು, ಬುಲ್ ರನ್ ಎಂಬಲ್ಲಿ ನಡೆದ ಅಂತರ್ಯುದ್ಧದ ಕಾಳಗವನ್ನು ನೋಡಲು ವಾಷಿಂಗ್ಟನ್ನಿನ ದೊಡ್ಡ ಮನುಷ್ಯರು ತಿಂಡಿಯ ಬುಟ್ಟಿಗಳನ್ನು ಸಾರೋಟಿನಲ್ಲಿಟ್ಟುಕೊಂಡು ಹೋಗಿದ್ದರು; ತಮ್ಮ ಕಡೆಯ ಸೈನ್ಯವು ಸೋತು ಓಡಿಬರಲು ಅವರೂ ಓಡಿದರು. ಬುತ್ತಿ ಕಟ್ಟಿಕೊಂಡು ನೋಡಹೋಗತಕ್ಕ ಸಂಗತಿ ಯಾವುದು, ಹೋಗಬಾರದ ಸಂಗತಿ ಯಾವುದು ಎಂಬ ವಿವೇಕವು ಎಲ್ಲ ದೇಶಗಳಲ್ಲಿಯೂ ಬೇಕಾಗುವುದು.

ಅದು ಹೇಗೂ ಇರಲಿ. ನಮ್ಮ ಸೀಮೆಯವರಿಗೆ ಈ ವಿದ್ಯೆಯನ್ನು ಅಮೆರಿಕೆಯಿಂದ ತರಿಸಿಕೊಳ್ಳುವ ಅವಶ್ಯಕತೆಯಿಲ್ಲ. ಎಳ್ಳಮಾವಾಸ್ಯೆಯನ್ನು ಆಚರಿಸುವ ಮನೆಯ ಹೆಣ್ಣುಮಕ್ಕಳಿಗೆ ಇದು ಹಾಲಿನೊಡನೆ ಬಂದ ವಿದ್ಯೆ. ಬೀದರ, ಭಾಲ್ಕಿ, ಔರಾದ ಪ್ರಾಂತದಲ್ಲಿ ಆ ದಿವಸ ಊರಿಗೆ ಊರೇ ಹೊಲಕ್ಕೆ ಹೋಗುವುದನ್ನು ವಾಚಕರು ಬಲ್ಲರು. ಜೋಳದ ಕಣಿಕೆಯ ಕೊಪ್ಪೆ ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಹೊಲದ ಸುತ್ತಲೂ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕೂಡುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹಸಿಯ ತೊಗರಿ, ಅವರೆ, ಕಡಲೆ, ಬಟಾಣಿ, ಸೊಪ್ಪುಗಳನ್ನೆಲ್ಲ ಕೂಡಿಸಿ ಕಡಲೆ ಹಿಟ್ಟು ಬೆರೆಸಿ ಕುದಿಸಿದ ಭಜ್ಜಿ, ಜೋಳದ ಅಂಬಲಿ, ಶೇಂಗಾದ ಹೋಳಿಗೆ: ಇವು ಆ ದಿನದ ಮುಖ್ಯ ಪದಾರ್ಥಗಳು. ಲಾತೂರಿನ ಕಡೆಯವರು ಇದನ್ನೇ ವೇಳ ಅಮಾವಾಸ್ಯೆಯೆನ್ನುವರು. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೂಗಿ ಕರೆದು ಉಣಿಸದೆ ಬಿಡುವುದಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಲ್ಲಿಗೆ ಚಂಪಾಷಷ್ಠಿಯ ವೇಳೆಗೆ ಬರುವ ಭಕ್ತರೂ ಅಲ್ಲಿಯೇ ಒಲೆ ಹೂಡಿ ಅಡಿಗೆ ಮಾಡಿಕೊಳ್ಳುವುದುಂಟು. ಹೀಗಿರಲು ಕುಸ್ತಿಯ ದಿನದ ಊಟದಲ್ಲಿ ಹೊಸತೇನು ಎಂದು ಕೆಲವರು ಕೇಳಬಹುದು. ಹೊಸತಿರುವುದು ಎರಡು ವಿಷಯಗಳಲ್ಲಿ. ಎಳ್ಳಮಾವಾಸ್ಯೆಯು ಬರುವುದು ಚಳಿಯ ನಡುವೆ, ನಮ್ಮ ಸ್ವಂತ ಹೊಲದಲ್ಲಿ. ಕುಸ್ತಿಯು ಬರುವುದು ಬಿಸಿಲು ಕಾಲೂರಿದ ಮೇಲೆ, ಪರಸ್ಥಳದಲ್ಲಿ, ಸಾವಿರಾರು ಜನರೂ ದನಗಳೂ ಕೂಡಿದ ಧೂಳಿನ ನಡುವೆ. ಇಷ್ಟರಿಂದಲೇ ಅಡಿಗೆಯ ಲೆಕ್ಕವೆಲ್ಲ ಬದಲಾಗುವುದು.

ಮೊದಲು ಕರೆಯುವವರ ವಿಚಾರ. ಈ ಊಟಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷವಾದ ಅರ್ಥವಿದೆ. ೧೯೫೬ರ ನವೆಂಬರ್ ೧ರಂದು ಹೈದರಾಬಾದ ರಾಜ್ಯವು ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಸೇರಿ ಈಗ ಮಹಾರಾಷ್ಟ್ರದಲ್ಲಿವೆ. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿ ಈಗ ತೆಲಂಗಾಣದಲ್ಲಿವೆ. ಬೀದರ, ಭಾಲ್ಕಿ, ಔರಾದಗಳು ನಮ್ಮಲ್ಲಿ ಉಳಿದುವು. ಗಡಿಯ ಗೆರೆಯು ನಕಾಶೆಯ ಮೇಲೆ ಬಿದ್ದಿತೇ ಹೊರತು ಬೀಗತನದ ಮೇಲೆ ಬೀಳಲಿಲ್ಲ. ಸೋದರತ್ತೆಯು ಉದಗೀರದಲ್ಲಿ, ಮಗಳು ನಾರಾಯಣಖೇಡದಲ್ಲಿ, ತೌರು ಔರಾದದಲ್ಲಿ ಇರುವ ಕುಟುಂಬಗಳು ಬೇಕಾದಷ್ಟಿವೆ. ಇವರೆಲ್ಲ ಮದುವೆ ಮುಂಜಿಗಳಿಗಲ್ಲದೆ ಒಂದೇ ಕಡೆ ಕಲೆಯುವುದು ಜಾತ್ರೆಯಲ್ಲಿ. ಮರಾಠಿ, ತೆಲುಗು, ಉರ್ದು, ಕನ್ನಡ ನಾಲ್ಕೂ ಭಾಷೆಗಳು ಒಂದೇ ಬಂಡಿಯ ನೆರಳಲ್ಲಿ ಕೇಳಿಸುವುವು. ಆದುದರಿಂದ ಬುತ್ತಿಯನ್ನು ನಮ್ಮ ಮನೆಯ ತಲೆಯೆಣಿಕೆಗೆ ಕಟ್ಟಿದರೆ ಸಾಲದು. ನಮ್ಮ ಅನುಭವದಲ್ಲಿ, ಹದಿನೈದು ಜನರ ಕುಟುಂಬವು ಇಪ್ಪತ್ತೈದು ಜನರಿಗಾಗುವಷ್ಟನ್ನು ಒಯ್ಯತಕ್ಕದ್ದು. ಉಳಿದರೆ ರೊಟ್ಟಿ ಹಾಳಾಗದು; ಕಡಿಮೆಯಾದರೆ ಮಾನ ಹಾಳಾದೀತು.

ಇಪ್ಪತ್ತೈದು ಜನರ ಲೆಕ್ಕವನ್ನೇ ಹೇಳೋಣ. ತೆಳ್ಳಗೆ ಬಡಿದ ಜೋಳದ ರೊಟ್ಟಿ ತಲೆಗೆ ಮೂರರಂತೆ ಎಪ್ಪತ್ತೈದು. ಎತ್ತು ಹೊಡೆಯುವವರು, ಗದ್ದೆಯಲ್ಲಿ ದುಡಿದು ಬಂದವರು ಮೂರಕ್ಕೆ ನಿಲ್ಲರೆಂದು ನೂರಹತ್ತು. ಒಂದು ಕಿಲೋ ಹಿಟ್ಟಿಗೆ ಹದಿಮೂರು ಹದಿನಾಲ್ಕು ರೊಟ್ಟಿಗಳಾಗುವುದರಿಂದ ಎಂಟು ಕಿಲೋ ಹಿಟ್ಟು ಬೇಕು. ಮೊಳಕೆಯ ಮಡಕಿ ಅಥವಾ ಹೆಸರು, ನೆನೆಯಿಡುವ ಮೊದಲು ಒಂದೂವರೆ ಕಿಲೋ. ಶೇಂಗಾದ ಹೋಳಿಗೆ ತಲೆಗೆ ಎರಡು. ಶೇಂಗಾ, ಗುರೆಳ್ಳು, ಅಗಸಿ ಈ ಮೂರು ಹಿಂಡಿಗಳೂ ಕೂಡಿ ಒಂದು ಕಿಲೋ ಸಾಕು. ಮೊಸರು ಎರಡು ಲೀಟರ್. ಅದಕ್ಕೆ ಎಂಟು ಲೀಟರ್ ನೀರು ಬೆರೆಸಿ ಕಡೆದರೆ ಪ್ರತಿಯೊಬ್ಬರಿಗೂ ಎರಡೆರಡು ಲೋಟ ಮಜ್ಜಿಗೆ ದೊರೆಯುವುದು. ಕುಡಿಯುವ ನೀರು ಅರವತ್ತು ಲೀಟರಿಗೆ ಕಡಿಮೆಯಾಗಕೂಡದು. ಕೈ ತೊಳೆಯಲು, ಪಾತ್ರೆ ಬಳಿಯಲು ಇನ್ನೂ ನಲವತ್ತು ಬೇರೆ ಕೊಡಗಳಲ್ಲಿರಲಿ. ಎತ್ತುಗಳ ನೀರು ಈ ಲೆಕ್ಕದೊಳಗೆ ಸೇರಿಲ್ಲ. ನೀರನ್ನು ಮನೆಯಿಂದಲೇ ಒಯ್ಯಬೇಕೆಂದು ನಾವು ಒತ್ತಿ ಹೇಳುವೆವು. ಜಾತ್ರೆಯ ಟ್ಯಾಂಕರಿನ ನೀರು ಎಲ್ಲಿಂದ ಬಂದಿತೆಂಬುದು ಟ್ಯಾಂಕರಿನವನಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಇನ್ನು ಮುಖ್ಯವಾದ ಮಾತು. ಶಿವರಾತ್ರಿಯ ವೇಳೆಗೆ ನಮ್ಮ ಕಡೆ ಬೆಳಗಿನ ಜಾವದಲ್ಲಿ ಕಂಬಳಿ ಬೇಕು, ಮಧ್ಯಾಹ್ನ ಕೊಡೆ ಬೇಕು. ನಾಲ್ಕು ಗಂಟೆಗೆ ಎದ್ದು ಮಾಡಿದ ಅಡಿಗೆಯು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಉಗುರು ಬೆಚ್ಚಗೆ ಕುಳಿತು ಹನ್ನೆರಡು ಗಂಟೆಗೆ ಬಾಯಿಗೆ ಬರುವುದು. ರೋಗಾಣುಗಳಿಗೆ ಇದಕ್ಕಿಂತ ಹಿತವಾದ ತೊಟ್ಟಿಲು ಬೇರೊಂದಿಲ್ಲ. ಆಹಾರಶಾಸ್ತ್ರವನ್ನು ಬಲ್ಲವರು ಹೇಳುವುದೇನೆಂದರೆ, ೫ ಡಿಗ್ರಿಗೆ ಮೇಲೆ ೬೦ ಡಿಗ್ರಿಗೆ ಕೆಳಗೆ ಇರುವ ಬೆಂದ ಪದಾರ್ಥದಲ್ಲಿ ಜೀವಾಣುಗಳು ಬೇಗಬೇಗನೆ ಇಮ್ಮಡಿಸುವುವು. ಅಂಥ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು. ಹೊರಗಿನ ಬಿಸಿಯು ೩೨ ಡಿಗ್ರಿಯನ್ನು ಮೀರಿದರೆ ಒಂದೇ ಗಂಟೆ. ನಮ್ಮ ಹಿಂದಿನವರಿಗೆ ಉಷ್ಣಮಾಪಕವಿರಲಿಲ್ಲ. ಆದರೆ ಅವರು ಪ್ರಯಾಣದ ಬುತ್ತಿಗೆ ಆರಿಸಿಕೊಂಡ ಪದಾರ್ಥಗಳನ್ನು ನೋಡಿದರೆ ಅವರಿಗೆ ವಿಷಯವು ಚೆನ್ನಾಗಿ ತಿಳಿದಿತ್ತೆಂದೇ ಹೇಳಬೇಕು. ಕಟಿಯಾಗಿ ಒಣಗಿಸಿದ ಜೋಳದ ರೊಟ್ಟಿಯಲ್ಲಿ ನೀರಿನಂಶವಿಲ್ಲ. ನೀರಿಲ್ಲದಲ್ಲಿ ಜೀವಾಣುವು ಬೆಳೆಯಲಾರದು. ಹಿಂಡಿಗಳೂ ಹಾಗೆಯೇ. ಮಜ್ಜಿಗೆಯನ್ನು ಅದರ ಹುಳಿಯೇ ಕಾಯುವುದು. ಶೇಂಗಾದ ಹೋಳಿಗೆಯ ಹೂರಣವು ಹುರಿದ ಶೇಂಗಾ ಮತ್ತು ಬೆಲ್ಲದಿಂದಾದುದು, ಒಣದು. ಅದು ವಾರವಿದ್ದರೂ ಕೆಡದು. ಕಡಲೆಬೇಳೆಯನ್ನು ಬೇಯಿಸಿ ಅರೆದ ಹೂರಣದ ಹೋಳಿಗೆಯು ಎಷ್ಟು ರುಚಿಯಾದುದಾದರೂ ನೀರಿನ ಪದಾರ್ಥ. ಅದನ್ನು ಮನೆಯಲ್ಲಿ ತುಪ್ಪದೊಡನೆ ಉಣ್ಣತಕ್ಕದ್ದು, ಬಂಡಿಗೆ ಏರಿಸತಕ್ಕದ್ದಲ್ಲ.

ಈಚೆಗೆ ಅನ್ನದ ಹವ್ಯಾಸವು ಹೆಚ್ಚಾಗಿ, ಹಿಂದಿನ ರಾತ್ರಿಯೇ ಅನ್ನ ಮಾಡಿಟ್ಟು ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನವೆಂದು ಡಬ್ಬಿ ತುಂಬುವವರನ್ನು ಕಾಣುತ್ತೇವೆ. ಇದು ಅಪಾಯಕರವಾದ ಅಭ್ಯಾಸ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಜೀವಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವು ಮೆಲ್ಲನೆ ಆರುತ್ತ ಕುಳಿತಾಗ ಅವು ಮೊಳೆತು ವಿಷವನ್ನು ಹುಟ್ಟಿಸುವುವು. ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗದು. ಒಗ್ಗರಣೆಯ ಘಮಘಮಕ್ಕೆ ಮೂಗು ಮೋಸಹೋಗುವುದೇ ಹೊರತು ಹೊಟ್ಟೆ ಮೋಸಹೋಗದು. ಅನ್ನವಿಲ್ಲದೆ ಊಟವೇ ಅಲ್ಲವೆನ್ನುವವರು ಅಕ್ಕಿಯನ್ನು ಒಯ್ದು ಅಲ್ಲಿಯೇ ಬೇಯಿಸಿಕೊಳ್ಳಲಿ.

ಪಲ್ಯದ ವಿಚಾರದಲ್ಲಿಯೂ ನಮ್ಮ ಸಲಹೆ ಇದೇ. ಮೊಳಕೆಯ ಕಾಳನ್ನು ಹಸಿಯಾಗಿಯೇ ಒದ್ದೆಯ ಬಟ್ಟೆಯಲ್ಲಿ ಕಟ್ಟಿ ಒಯ್ಯಿರಿ; ಈರುಳ್ಳಿ, ಹಸಿಮೆಣಸು, ಬೆಳ್ಳುಳ್ಳಿ, ಒಗ್ಗರಣೆಯ ಸಾಮಗ್ರಿ ಬೇರೆ ಗಂಟಾಗಿರಲಿ. ಕಾಲು ಗಂಟೆಯಲ್ಲಿ ಪಲ್ಯ ಸಿದ್ಧವಾಗುವುದು, ಹಬೆಯಾಡುತ್ತಿರುವಾಗಲೇ ಬಡಿಸಬಹುದು. ಬದನೆಯ ಎಣ್ಣೆಗಾಯಿಯನ್ನು ಮನೆಯಲ್ಲಿಯೇ ಮಾಡಲೇಬೇಕೆಂದರೆ, ಪಾತ್ರೆಯು ಕೊತಕೊತನೆ ಕುದಿಯುತ್ತಿರುವಾಗಲೇ ಮುಚ್ಚಳ ಬಿಗಿದು, ದಪ್ಪ ಕೌದಿಯಲ್ಲಿ ಸುತ್ತಿ, ಒಣಹುಲ್ಲು ತುಂಬಿದ ಪೆಟ್ಟಿಗೆಯ ನಡುವೆ ಹುಗಿದು ಒಯ್ಯುವ ಉಪಾಯವುಂಟು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಉರುವಲಿನ ಅಭಾವದಿಂದ ಯುರೋಪಿನ ಗೃಹಿಣಿಯರು ಇಂಥ ಹುಲ್ಲಿನ ಪೆಟ್ಟಿಗೆಗಳನ್ನು ಬಳಸುತ್ತಿದ್ದರು. ಮೂರು ನಾಲ್ಕು ಗಂಟೆಗಳ ಕಾಲ ಬಿಸಿಯು ನಿಲ್ಲುವುದು; ಆದರೆ ನಡುವೆ ಯಾರೂ ಮುಚ್ಚಳ ತೆಗೆದು ಇಣುಕಕೂಡದು. ತೆರೆದಾಗ ಪಾತ್ರೆಯನ್ನು ಬರಿಗೈಯಿಂದ ಹಿಡಿಯಲಾಗದಷ್ಟು ಬಿಸಿಯಿದ್ದರೆ ಬಡಿಸಿರಿ. ಸುಖವಾಗಿ ಹಿಡಿಯಬಹುದಾದರೆ ಮತ್ತೆ ಒಲೆಗೆ ಏರಿಸಿ ಚೆನ್ನಾಗಿ ಕುದಿಸಿರಿ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಮಾಡುವವರು ಯಾರೆಂಬ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನಮ್ಮ ಬರವಣಿಗೆ ಅನ್ಯಾಯವಾದೀತು. ನೂರಹತ್ತು ರೊಟ್ಟಿಯನ್ನು ಬಡಿಯಲು ಇಬ್ಬರು ಹೆಂಗಸರಿಗೆ ಮೂರು ನಾಲ್ಕು ಗಂಟೆ ಹಿಡಿಯುವುದು. ನಸುಕಿನಲ್ಲಿ ರೊಟ್ಟಿ ಬಡಿದು, ಬಂಡಿಯಲ್ಲಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಬಂದು, ಅಲ್ಲಿ ಒಲೆ ಊದಿ, ಎಲ್ಲರಿಗೂ ಬಡಿಸಿ, ಪಾತ್ರೆ ಬೆಳಗುತ್ತಿರುವಾಗ ಕಣದಲ್ಲಿ ಹಲಗೆಯ ಸದ್ದೇಳುವುದು. ಗಂಡಸರೆಲ್ಲ ಎದ್ದು ಹೋಗುವರು. ಅವಳು ಆಗ ತಣ್ಣಗಾದ ಪಲ್ಯದೊಡನೆ ಊಟಕ್ಕೆ ಕೂಡುವಳು. ಜಾತ್ರೆಗೆ ಹೋಗಿ ಬಂದೆಯಾ ಎಂದರೆ ಹೌದೆನ್ನುವಳು. ಏನು ನೋಡಿದೆಯೆಂದರೆ ಒಲೆಯನ್ನು ನೋಡಿದೆನೆಂದೇ ಹೇಳಬೇಕು. ಇದು ಅತಿಶಯೋಕ್ತಿಯೆಂದು ಯಾವ ಗೃಹಸ್ಥರಾದರೂ ಭಾವಿಸಿದರೆ, ಮುಂದಿನ ಜಾತ್ರೆಯಲ್ಲಿ ತಮ್ಮ ಬಂಡಿಯ ಕಡೆಗೆ ಒಮ್ಮೆ ಹೊರಳಿ ನೋಡಲಿ.

ಇದಕ್ಕೆ ಪರಿಹಾರವು ಕಷ್ಟವಾದುದಲ್ಲ. ಕಟಿರೊಟ್ಟಿಯು ವಾರಗಟ್ಟಲೆ ಇರುವ ಪದಾರ್ಥವಾದುದರಿಂದ ಅದನ್ನು ಆ ದಿನವೇ ಬಡಿಯಬೇಕೆಂಬ ನಿಯಮವಿಲ್ಲ. ನಾಲ್ಕು ದಿನ ಮುಂಚಿತವಾಗಿ ದಿನಕ್ಕೆ ಮೂವತ್ತರಂತೆ ಬಡಿದು ಒಣಗಿಸಿ ಬುಟ್ಟಿಯಲ್ಲಿ ಕಟ್ಟಿಡಬಹುದು. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಈಗ ಬಹಳವಾಗಿದ್ದಾರೆ. ಅವರಿಂದ ಕೊಂಡರೆ ಯಾರ ಗೌರವವೂ ಕುಂದದು, ಅವರ ಸಂಸಾರಕ್ಕೂ ನಾಲ್ಕು ಕಾಸು ಆದೀತು. ಹಿಂಡಿ, ಹೋಳಿಗೆಗಳು ಎರಡು ದಿನ ಮೊದಲೇ ಮುಗಿಯಲಿ. ಜಾತ್ರೆಯ ಸ್ಥಳದಲ್ಲಿ ಒಲೆಯ ಕೆಲಸ, ಬಡಿಸುವ ಕೆಲಸ, ಪಾತ್ರೆಯ ಕೆಲಸ ಈ ಮೂರನ್ನು ಹೊರಡುವ ಮೊದಲೇ ಹೆಸರು ಹಿಡಿದು ಹಂಚಿರಿ. ಗಂಡುಮಕ್ಕಳ ಹೆಸರೂ ಅದರಲ್ಲಿರಲಿ. ಪಟ್ಟು ಹಾಕಲು ಬಲ್ಲ ಕೈಗೆ ಪಾತ್ರೆ ತಿಕ್ಕಲು ಬಾರದೆಂದರೆ ನಾವು ನಂಬೆವು. ಹೆಂಗಸರು ಕುಸ್ತಿ ನೋಡುವುದೆಂದರೇನು ಎಂದು ಹುಬ್ಬೇರಿಸುವ ಹಿರಿಯರು ಇನ್ನೂ ಕೆಲವರುಂಟು. ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಖಾಶಾಬಾ ಜಾಧವರು ಕುಸ್ತಿಯಲ್ಲಿ ಕಂಚಿನ ಪದಕವನ್ನು ಗೆದ್ದುದನ್ನು ಹೇಳಿ ಹಿಗ್ಗುವ ಅದೇ ಹಿರಿಯರಿಗೆ, ೨೦೧೬ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಎಂಬ ಹೆಣ್ಣುಮಗಳು ಅದೇ ಕುಸ್ತಿಯಲ್ಲಿ ಅದೇ ಬಣ್ಣದ ಪದಕವನ್ನು ತಂದುದನ್ನು ವಿನಯದಿಂದ ಜ್ಞಾಪಿಸಬಹುದು.

ಊಟದ ಹೊತ್ತನ್ನು ಕುಸ್ತಿಯ ಹೊತ್ತಿಗೆ ಹೊಂದಿಸಬೇಕು. ವಾಡಿಕೆಯಂತೆ ಮೊದಲು ಚಿಕ್ಕ ಹುಡುಗರ ಜೋಡಿಗಳನ್ನು ತೆಂಗಿನಕಾಯಿಗೋ ಸಣ್ಣ ಮೊತ್ತಕ್ಕೋ ಬಿಡುವರು. ಮೊತ್ತವು ಏರುತ್ತ ಏರುತ್ತ ಬೆಳ್ಳಿಯ ಕಡಗದ ದೊಡ್ಡ ಕುಸ್ತಿಯು ಹೊತ್ತು ಇಳಿದ ಮೇಲೆಯೇ ಬರುವುದು. ಆದುದರಿಂದ ಹನ್ನೊಂದೂವರೆಗೆ ಎಲೆ ಹಾಕಿ ಒಂದು ಗಂಟೆಯೊಳಗೆ ಎಲ್ಲರೂ, ಬಡಿಸಿದವರೂ ಸಹ, ಕೈ ತೊಳೆದಿರಬೇಕು. ನಾಲ್ಕು ಗಂಟೆಗೆ ಚುರುಮುರಿ, ಹುರಿದ ಶೇಂಗಾ, ಬೆಲ್ಲ, ಸುಲಗಾಯಿ ಇಷ್ಟು ಸಾಕು. ಇವನ್ನು ಉಡಿಯಲ್ಲಿ ಕಟ್ಟಿಕೊಂಡು ಕಣದ ಅಂಚಿಗೇ ಹೋಗಬಹುದು. ಮನೆಯ ಹುಡುಗನೇ ಕಣಕ್ಕಿಳಿಯುವವನಾಗಿದ್ದರೆ ಅವನನ್ನು ಬಂಡಿಯ ಊಟಕ್ಕೆ ಒತ್ತಾಯಿಸಬೇಡಿರಿ. ಅಜ್ಜಿಯರ ಪ್ರೀತಿಯು ಇಲ್ಲಿ ಶತ್ರುವಿನ ಕೆಲಸವನ್ನು ಮಾಡುವುದುಂಟು. ಜೋಡಿಯ ವೇಳೆಗೆ ಮೂರು ಗಂಟೆ ಮೊದಲೇ ಒಂದು ರೊಟ್ಟಿ, ತುಸು ಕಾಳುಪಲ್ಯ, ಒಂದು ಬಾಳೆಹಣ್ಣು. ಆಮೇಲೆ ಗುಟುಕು ಗುಟುಕಾಗಿ ನೀರು. ಹೋಳಿಗೆಯನ್ನು ಅವನ ಪಾಲಿಗೆ ಎತ್ತಿಡಿರಿ. ಗೆದ್ದರೂ ಸೋತರೂ ಅವನು ಸಂಜೆಗೆ ಅದನ್ನು ಬಿಡುವವನಲ್ಲ.

ಯಾರು ಏನು ಉಣ್ಣುವರೆಂಬುದನ್ನು ಮೊದಲೇ ಕೇಳಿಕೊಳ್ಳುವುದು ಮರ್ಯಾದೆ. ಶಿವರಾತ್ರಿಯ ಉಪವಾಸವಿರುವ ಹಿರಿಯರಿಗೆ ಹಣ್ಣು, ಖರ್ಜೂರ, ಶೇಂಗಾ ಬೇರೆ ಇರಲಿ. ೨೦೨೫ರಲ್ಲಿಯೂ ೨೦೨೬ರಲ್ಲಿಯೂ ಶಿವರಾತ್ರಿಯ ಬೆನ್ನಿಗೇ ರಂಜಾನ್ ಮಾಸವು ಬಂದಿತು; ಬೀದರ ಪಟ್ಟಣದಿಂದ ಬರುವ ಮುಸಲ್ಮಾನ ಸ್ನೇಹಿತರು ರೋಜಾ ಇದ್ದರೆ ಅವರ ಮುಂದೆ ತಟ್ಟೆ ಹಿಡಿದು ಉಪಚಾರ ಮಾಡುವುದು ಉಪಚಾರವಲ್ಲ. ಅವರ ಪಾಲಿನ ಒಣ ಪದಾರ್ಥಗಳನ್ನು ಕಟ್ಟಿ, ಹೊತ್ತು ಮುಳುಗಿದ ಮೇಲೆ ಅವರ ಕೈಗೆ ಕೊಡುವುದೇ ಸರಿ. ಮಾಂಸದ ಅಡಿಗೆಯನ್ನು ತರುವ ಕುಟುಂಬಗಳು ಜೊತೆಗಿದ್ದರೆ ಎರಡು ಬಂಡಿಗಳ ಬಾಲಗಳಲ್ಲಿ ಎರಡು ಬಡಿಸುವ ಸ್ಥಳಗಳಿರಲಿ, ಸೌಟುಗಳು ಬೇರೆಯಿರಲಿ, ಕುಳಿತುಕೊಳ್ಳುವ ಜಮಖಾನೆ ಒಂದೇ ಇರಲಿ.

ಜಮಖಾನೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇವೆ. ಬಂಡಿ ಹೊಡೆದವನು, ದನ ಕಾಯ್ದವನು, ಕಣದಲ್ಲಿ ಹಲಗೆ ಬಾರಿಸಿ ಹಸಿದು ಬಂದವನು, ಇವರಿಗೆ ಚಕ್ರದ ಆಚೆ ಬೇರೆ ಎಲೆ, ಬೇರೆ ಲೋಟ ಇಡುವ ಮನೆಗಳು ಇನ್ನೂ ಇಲ್ಲವೆಂದು ನಾವು ಹೇಳಲಾರೆವು. ೧೯೫೦ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಆಚರಿಸುವುದು ಶಿಕ್ಷಾರ್ಹವಾದ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಪಂಕ್ತಿಭೇದವನ್ನು ಧಿಕ್ಕರಿಸಿದ ಶರಣರು ನಡೆದಾಡಿದ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ. ನೀರಿನ ಕೊಡ ಒಂದು, ಲೋಟ ಒಂದೇ ಬಗೆಯವು, ಸಾಲು ಒಂದು. ಇದನ್ನು ಒಪ್ಪಲಾರದ ಅತಿಥಿಯಿದ್ದರೆ ಅವನೇ ತನ್ನ ಬುತ್ತಿಯನ್ನು ತಂದುಕೊಳ್ಳಲಿ.

ಬಂಡಿಯನ್ನು ನಿಲ್ಲಿಸುವುದರಲ್ಲಿಯೂ ಜಾಣತನ ಬೇಕು. ಮಧ್ಯಾಹ್ನದ ಮೇಲೆ ಸೂರ್ಯನು ನೈಋತ್ಯಕ್ಕೆ ವಾಲುವುದರಿಂದ ವಾಹನದ ಬಾಲವು ಈಶಾನ್ಯಕ್ಕೆ ಮುಖ ಮಾಡಿದ್ದರೆ ಅದರ ನೆರಳೇ ಬಡಿಸುವ ಹಲಗೆಯ ಮೇಲೆ ಬೀಳುವುದು. ಬೇರೆ ಚಪ್ಪರ ಬೇಕಾಗದು. ಚಕ್ರಗಳಿಗೆ ಕಲ್ಲು ಕೊಡುವುದನ್ನು ಮರೆಯಬಾರದು, ಮಕ್ಕಳು ಬಂಡಿಯ ಕೆಳಗೇ ಆಡುವುದು ಹೆಚ್ಚು. ಎತ್ತುಗಳನ್ನು ಬಿಚ್ಚಿ ಗಾಳಿಯ ಕೆಳಗಡೆಗೆ ಕಟ್ಟಿ ಮೊದಲು ಅವಕ್ಕೆ ನೀರು ಮೇವು ಆಗಲಿ. ದೇವಣಿಯ ಎತ್ತುಗಳಿಗೆ ಹೆಸರಾದ ಸೀಮೆ ನಮ್ಮದು. ನಾವು ಉಂಡು ಎತ್ತನ್ನು ಒಣಗಿಸಿದರೆ ಪ್ರದರ್ಶನಕ್ಕೆ ಬಂದ ರೈತರೆಲ್ಲರ ಕಣ್ಣು ನಮ್ಮ ಮೇಲೆ ಬೀಳುವುದು. ಒಲೆಯು ಬಂಡಿಯಿಂದಲೂ ಕಣಿಕೆಯ ಹೊರೆಯಿಂದಲೂ ಹತ್ತು ಹೆಜ್ಜೆ ದೂರವಿರಬೇಕು, ಪಕ್ಕದಲ್ಲಿ ಒಂದು ಬಕೆಟ್ ಮರಳು ಅಥವಾ ಮಣ್ಣು. ಗ್ಯಾಸಿನ ಒಲೆಯಾದರೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ ತರತಕ್ಕದ್ದು, ಮಲಗಿಸಿ ತರಬಾರದು. ಗಾಳಿಯ ಕಾಟವೆಂದು ಮುಚ್ಚಿದ ಜೀಪಿನೊಳಗೆ, ಟೆಂಪೋದೊಳಗೆ ಒಲೆ ಹಚ್ಚುವುದಂತೂ ಆತ್ಮಘಾತಕ್ಕೆ ಸಮ; ಇದ್ದಿಲ ಕೆಂಡದಿಂದ ಹೊರಡುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಗೆ ಮೂರು ಕಡೆ ತಗಡಿನ ಮರೆ ಸಾಕು. ದನಗಳ ಜಾತ್ರೆಯಾದುದರಿಂದ ಎಲ್ಲೆಲ್ಲಿಯೂ ಸೆಗಣಿಯಿರುವುದು. ಉಣ್ಣುವ ಮೊದಲು ಮಕ್ಕಳ ಕೈಗಳನ್ನು ಸಾಬೂನಿನಿಂದ ತೊಳೆಸಿರಿ. ಬರಿಯ ನೀರಿನಲ್ಲಿ ಅದ್ದುವುದನ್ನು ತೊಳೆಯುವುದೆನ್ನಲಾಗದು.

ತಟ್ಟೆಗಳಿಗೆ ಮುತ್ತುಗದ ಎಲೆಯೇ ಉತ್ತಮ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚೆಗಳನ್ನು ೨೦೨೨ರ ಜುಲೈ ೧ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದರೂ ಜಾತ್ರೆಯ ಮರುದಿನ ಬಯಲಲ್ಲಿ ಅವೇ ಹಾರಾಡುವುವು. ಎಂಜಲಿನ ವಾಸನೆಗೆ ದನಗಳು ಅವನ್ನು ತಿನ್ನುವುವು, ಹೊಟ್ಟೆಯುಬ್ಬಿ ಸಾಯುವುವು. ಮುತ್ತುಗದ ಎಲೆಯನ್ನು ತಿಂದರೆ ದನಕ್ಕೆ ಕೇಡಿಲ್ಲ.

ಮದ್ಯಪಾನದ ವಿಚಾರದಲ್ಲಿ ನಮ್ಮ ಅಭಿಪ್ರಾಯವು ಚಿಕ್ಕದು. ಅಮೆರಿಕೆಯವರ ಕೂಟಗಳಲ್ಲಿ ಬಿಯರಿಲ್ಲದೆ ನಡೆಯದೆಂದು ಕೇಳುತ್ತೇವೆ. ನಮ್ಮವರಲ್ಲಿಯೂ ಕೆಲವರು ಬಂಡಿಯ ಮರೆಯಲ್ಲಿ ಸೀಸೆ ಬಿಚ್ಚುವುದುಂಟು. ಹೆಂಗಸರು ಮಕ್ಕಳು ಕೂಡಿದ ಪಂಕ್ತಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದು ಕರೆಯುವಾಗಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಕುಡಿದವನ ಕೈಗೆ ಟ್ರ್ಯಾಕ್ಟರಿನ ಚಕ್ರವನ್ನು ಕೊಟ್ಟು ಹಿಂದಿನ ಡಬ್ಬಿಯಲ್ಲಿ ಇಪ್ಪತ್ತು ಜನರನ್ನು ಕೂಡಿಸುವ ಧೈರ್ಯವು ನಮಗಂತೂ ಇಲ್ಲ.

ಬೀದರ ಪಟ್ಟಣದ ವಾಚಕರು, ತಮ್ಮ ಹುಡುಗರು ನೆಹರು ಕ್ರೀಡಾಂಗಣದಲ್ಲಿ ಆಡುವ ಕ್ರಿಕೆಟ್ ಪಂದ್ಯಕ್ಕೂ ಇದೇ ಏರ್ಪಾಡು ಒಗ್ಗುವುದೇ ಎಂದು ಕೇಳಬಹುದು. ಒಲೆಯೊಂದನ್ನು ಬಿಟ್ಟು ಉಳಿದುದೆಲ್ಲ ಒಗ್ಗುವುದು. ಅಲ್ಲಿ ಕಟಿರೊಟ್ಟಿ, ಹಿಂಡಿ, ಮೊಸರು, ಸೌತೆಕಾಯಿಗಳೇ ಸಾಕಷ್ಟಾದ ಊಟ.

ಮರಳುವಾಗಿನ ಮಾತು ಒಂದಿದೆ. ಔರಾದದಿಂದ ಬೀದರಕ್ಕೆ ಸಂತಪುರ, ಕೌಠಾಗಳ ಮೇಲೆ ಮಾಂಜ್ರಾ ನದಿಯನ್ನು ದಾಟಿ ನಲವತ್ತು ಕಿಲೋಮೀಟರಿಗೆ ಮೇಲಾಗುವ ದಾರಿ. ದೊಡ್ಡ ಕುಸ್ತಿಯು ಮುಗಿಯುವ ಹೊತ್ತಿಗೆ ಕತ್ತಲಾಗಿರುವುದು. ಎಲ್ಲರೂ ಒಮ್ಮೆಗೇ ಹೊರಡುವರು. ಬಂಡಿಗೂ ಟ್ರ್ಯಾಕ್ಟರಿನ ಡಬ್ಬಿಗೂ ಹಿಂಬದಿಯಲ್ಲಿ ದೀಪವಿಲ್ಲದಿರುವುದೇ ಹೆಚ್ಚು. ಹಿಂದಿನಿಂದ ವೇಗವಾಗಿ ಬರುವ ಲಾರಿಯವನಿಗೆ ಅವು ಕಾಣುವುದು ಕಡೆಯ ಕ್ಷಣದಲ್ಲಿ. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯು ಸೈಕಲ್ ಅಂಗಡಿಗಳಲ್ಲಿ ಸಿಕ್ಕುವುದು. ಅದನ್ನು ಕೊಂಡು, ಬೆಳಿಗ್ಗೆ ರೊಟ್ಟಿಯ ಬುಟ್ಟಿಯನ್ನು ಏರಿಸುವ ಮೊದಲೇ, ಬಾಲದ ಹಲಗೆಯ ಎರಡು ತುದಿಗಳಿಗೂ ಅಂಟಿಸಿರಿ. ಹಲಗೆಯನ್ನು ಮೇಲೆತ್ತಿ ಅಗುಳಿ ಹಾಕಿದಾಗ ಪಟ್ಟಿಯು ಹೊರಮುಖವಾಗಿ ನಿಲ್ಲುವಂತಿರಬೇಕು. ಹಲಗೆಯ ಒಳಮುಖಕ್ಕೆ ಅಂಟಿಸಿದವರನ್ನೂ ನಾವು ಕಂಡಿದ್ದೇವೆ.